ಚರ್ಮಕ್ಕೂ ಉಂಟು ಪಥ್ಯ

ಮನೆಯಲ್ಲಿ ಬಾಣಂತಿಯಿದ್ದರೆ ಅವಳ ಪಥ್ಯದ ವಿಷಯದಲ್ಲಿ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ತಲೆಗೆ ಬಟ್ಟೆ, ಗಾಳಿಗೆ ಮರೆ, ಊಟಕ್ಕೆ ಮಿತಿ, ಎಲ್ಲವೂ ಹಿರಿಯರ ಕಣ್ಣೆದುರಿನಲ್ಲಿ ತಪ್ಪದೆ ನಡೆಯುತ್ತವೆ. ಅದೇ ಮನೆಯ ಮಗಳು ಮುಖದ ಕಲೆಗಳನ್ನು ಕಳೆದುಕೊಳ್ಳಲೆಂದು ಚರ್ಮವೈದ್ಯರಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬಂದಾಗ ಮಾತ್ರ, ಅದಕ್ಕೂ ಒಂದು ಪಥ್ಯವುಂಟೆಂಬುದು ಯಾರ ನೆನಪಿಗೂ ಬಾರದು. ಮದುವೆಗೆ ಒಂದೇ ತಿಂಗಳು ಉಳಿದಿರುತ್ತದೆ. ಸೀರೆಯ ಅಂಗಡಿಗೆ, ಅಕ್ಕಸಾಲಿಯ ಬಳಿಗೆ, ಲಗ್ನಪತ್ರಿಕೆ ಹಂಚುವುದಕ್ಕೆ ಎಂದು ನಡುಹಗಲಿನಲ್ಲಿಯೇ ಓಡಾಟ. ಮುಹೂರ್ತದ ವೇಳೆಗೆ ಕಲೆಗಳು ಮೊದಲಿಗಿಂತಲೂ ಕಪ್ಪಾಗಿ ಕಾಣಿಸಿಕೊಂಡರೆ, ಹಣವೂ ಹೋಯಿತು, ಮುಖವೂ ಕೆಟ್ಟಿತು ಎಂದು ತಾಯಿ ಮಗಳಿಬ್ಬರೂ ಕೊರಗುತ್ತಾರೆ. ದೋಷವೆಲ್ಲ ವೈದ್ಯರ ಮೇಲೆ ಬೀಳುತ್ತದೆ. ಎಷ್ಟೋ ವೇಳೆ ಆ ದೋಷವು ಬಿಸಿಲಿನದು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಪೀಲ್ ಎಂಬ ಚಿಕಿತ್ಸೆಯಲ್ಲಿ ಗ್ಲೈಕಾಲಿಕ್ ಆಮ್ಲದಂಥ ದ್ರವವನ್ನು ಲೇಪಿಸಿ ಚರ್ಮದ ಮೇಲ್ಪದರವನ್ನು ಕಳಚುತ್ತಾರೆ. ಲೇಸರ್ ಚಿಕಿತ್ಸೆಯಲ್ಲಿ ಬೆಳಕಿನ ಶಾಖವು ಆ ಕೆಲಸವನ್ನು ಮಾಡುತ್ತದೆ. ಎರಡರಲ್ಲಿಯೂ ಚರ್ಮಕ್ಕೆ ಅಳತೆಯರಿತ ಪೆಟ್ಟು ಬೀಳುತ್ತದೆ. ಹಳೆಯದು ಹೋಗಿ ಎಳೆಯ ಚರ್ಮವು ಮೇಲೆ ಬರುತ್ತದೆ. ಪೆಟ್ಟು ಬಿದ್ದೆಡೆಯಲ್ಲಿ ಮೆಲನಿನ್ ಎಂಬ ಬಣ್ಣವನ್ನು ಹೆಚ್ಚಾಗಿ ತಯಾರಿಸುವುದು ಚರ್ಮದ ಸ್ವಭಾವ. ಅದರ ಮೇಲೆ ಬಿಸಿಲೂ ಬಿದ್ದರೆ ಉರಿಯುವ ಒಲೆಗೆ ಸೌದೆಯನ್ನಿಟ್ಟಂತಾಗುತ್ತದೆ.

ಕಂದುಬಣ್ಣದವರಲ್ಲಿ ಈ ಭಯವು ಅಧಿಕ. ಬಿಸಿಲಿಗೆ ಚರ್ಮವು ಪ್ರತಿಕ್ರಿಯಿಸುವ ಬಗೆಯನ್ನು ನೋಡಿ ಮನುಷ್ಯರನ್ನು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಅಮೆರಿಕದ ವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ೧೯೭೫ರಲ್ಲಿ ಆರಂಭಿಸಿದರು. ಇಂದು ಅದರಲ್ಲಿ ಆರು ವರ್ಗಗಳಿವೆ. ಭಾರತೀಯರಲ್ಲಿ ಬಹುಮಂದಿ ನಾಲ್ಕನೆಯ ಮತ್ತು ಐದನೆಯ ವರ್ಗಕ್ಕೆ ಸೇರಿದವರು. ಇವರ ಚರ್ಮವು ಬಿಸಿಲಿಗೆ ಬೇಗನೆ ಸುಡುವುದಿಲ್ಲ. ಆದರೆ ಪೆಟ್ಟು ಬಿದ್ದಲ್ಲಿ ಬೇಗನೆ ಕಪ್ಪಾಗುತ್ತದೆ. ಹಾಗೆ ಮೂಡಿದ ಕಲೆಯು ಮಾಸಲು ತಿಂಗಳುಗಳೇ ಬೇಕು.

“ಬೆಂಗಳೂರಿನ ಬಿಸಿಲೇನು ಮಹಾ!” ಎನ್ನುವವರುಂಟು. ಊರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿಯು ತಂಪಾಗುತ್ತದೆ, ಅತಿನೇರಳೆ ಕಿರಣಗಳು ಮಾತ್ರ ಹೆಚ್ಚುತ್ತವೆ. ಮೈಗೆ ಸೆಕೆಯಾಗಲಿಲ್ಲವೆಂದು ಮುಖಕ್ಕೆ ಬಿಸಿಲು ತಾಗಲಿಲ್ಲವೆಂದು ತಿಳಿಯುವುದು ತಪ್ಪು. ತೆಳುವಾದ ಮೋಡವೂ ಈ ಕಿರಣಗಳನ್ನು ಪೂರ್ತಿಯಾಗಿ ತಡೆಯದು. ಕಾರಿನ ಪಕ್ಕದ ಗಾಜನ್ನೂ ಮನೆಯ ಕಿಟಕಿಯ ಗಾಜನ್ನೂ ‘ಎ’ ಎಂಬ ಜಾತಿಯ ಅತಿನೇರಳೆ ಕಿರಣಗಳು ದಾಟಿ ಬರುತ್ತವೆ. ಕಣ್ಣಿಗೆ ಕಾಣುವ ಬೆಳಕು ಕೂಡ ಕಂದು ಚರ್ಮವನ್ನು ಕಪ್ಪಾಗಿಸಬಲ್ಲುದು.

ಹಾಗಾದರೆ ಮಾಡತಕ್ಕುದೇನು? ಚರ್ಮವು ಹಸಿಯಾಗಿರುವ ಮೊದಲ ದಿನಗಳಲ್ಲಿ ವೈದ್ಯರು ಹೇಳಿದ ಮುಲಾಮನ್ನಲ್ಲದೆ ಬೇರೇನನ್ನೂ ಹಚ್ಚಬಾರದು. ಅರಿಸಿನ, ನಿಂಬೆರಸ, ಕಡಲೆಹಿಟ್ಟು ಯಾವುದೂ ಬೇಡ. ಏಳುವ ಹೊಟ್ಟನ್ನು ಉಗುರಿನಿಂದ ಕೀಳಬಾರದು. ಆ ದಿನಗಳಲ್ಲಿ ನೆರಳೇ ಔಷಧ.

ಚರ್ಮವು ಕೂಡಿಕೊಂಡು ವೈದ್ಯರು ಒಪ್ಪಿದ ಬಳಿಕ ಸನ್‌ಸ್ಕ್ರೀನ್ ಲೇಪವನ್ನು ಆರಂಭಿಸಬಹುದು. ಅದರ ಮೇಲೆ ಎಸ್.ಪಿ.ಎಫ್. ೩೦ ಅಥವಾ ಅದಕ್ಕೂ ಹೆಚ್ಚಿನ ಅಂಕೆಯಿರಬೇಕು. ೩೦ರ ಲೇಪವು ‘ಬಿ’ ಜಾತಿಯ ಕಿರಣಗಳಲ್ಲಿ ನೂರಕ್ಕೆ ಸುಮಾರು ೯೭ ಪಾಲನ್ನು ತಡೆಯುತ್ತದೆ, ೫೦ರದು ೯೮ನ್ನು. ಅಂಕೆ ಏರಿದಷ್ಟು ಲಾಭವು ಏರುವುದಿಲ್ಲ. ‘ಎ’ ಜಾತಿಯ ಕಿರಣಗಳಿಗಾಗಿ ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತನ್ನೋ ‘ಪಿ.ಎ.’ ಎಂಬ ಗುರುತನ್ನೋ ಡಬ್ಬಿಯ ಮೇಲೆ ನೋಡಿಕೊಳ್ಳಬೇಕು. ಸತುವಿನ ಆಕ್ಸೈಡ್ ಇರುವ ಲೇಪವು ಎಳೆಯ ಚರ್ಮಕ್ಕೆ ಸಾಮಾನ್ಯವಾಗಿ ಉರಿಯನ್ನುಂಟುಮಾಡದು. ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣದ ಲೇಪವು ಕಾಣುವ ಬೆಳಕನ್ನೂ ತಡೆಯುವುದರಿಂದ ಕಂದುಬಣ್ಣದವರಿಗೆ ಹೆಚ್ಚು ಹಿತ.

ಲೇಪದಲ್ಲಿ ಜಿಪುಣತನ ಸಲ್ಲದು. ತೋರುಬೆರಳು, ನಡುಬೆರಳುಗಳೆರಡರ ಉದ್ದಕ್ಕೂ ಹಿಂಡಿದಷ್ಟು ಲೇಪವು ಮುಖ ಮತ್ತು ಕೊರಳಿಗೆ ಬೇಕು. ಹೊರಡುವುದಕ್ಕೆ ಕಾಲು ಗಂಟೆ ಮೊದಲು ಹಚ್ಚಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ಬೆಳಗ್ಗೆ ಹಚ್ಚಿದ್ದು ಸಂಜೆಯವರೆಗೆ ನಿಲ್ಲದು.

ಲೇಪವೊಂದನ್ನೇ ನೆಚ್ಚುವುದೂ ಸರಿಯಲ್ಲ. ಹತ್ತರಿಂದ ನಾಲ್ಕು ಗಂಟೆಯವರೆಗೆ ಹೊರಗಿನ ಕೆಲಸಗಳನ್ನು ಬೇರೆಯವರಿಗೆ ಒಪ್ಪಿಸುವುದು ಮೇಲು. ತನ್ನ ನೆರಳು ತನಗಿಂತ ಗಿಡ್ಡವಾಗಿದ್ದರೆ ಬಿಸಿಲು ಕಟುವಾಗಿದೆಯೆಂದು ತಿಳಿಯಬೇಕು. ತೆಳುಸೆರಗನ್ನು ಹೊದ್ದರೆ ಪ್ರಯೋಜನವು ಅಲ್ಪ. ಬೆಳಕಿಗೆ ಹಿಡಿದಾಗ ಆಚೆಯದು ಕಾಣದಂಥ ಒತ್ತುನೇಯ್ಗೆಯ ಬಟ್ಟೆಯಾಗಬೇಕು. ಹಿರಿಯರು ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಕಪ್ಪು ಕೊಡೆಯು ಇಂದಿಗೂ ಉತ್ತಮ ಸಂಗಾತಿ.

ಈ ಪಥ್ಯವು ಎಷ್ಟು ಕಾಲ? ಹಗುರವಾದ ಪೀಲಿಗೆ ಕೆಲವು ವಾರಗಳು. ಆಳವಾದ ಪೀಲ್ ಮತ್ತು ಲೇಸರಿಗೆ ತಿಂಗಳುಗಳು. ಚಿಕಿತ್ಸೆಗೆ ಮುಂಚಿನ ವಾರಗಳಲ್ಲಿಯೂ ಬಿಸಿಲನ್ನು ತಪ್ಪಿಸಬೇಕು. ಕಂದಿದ ಚರ್ಮದ ಮೇಲೆ ಲೇಸರ್ ಪ್ರಯೋಗಿಸುವುದು ಅಪಾಯಕರ. ಆದುದರಿಂದ ಲಗ್ನವು ನಿಶ್ಚಯವಾದ ಮೇಲೆ ಅವಸರದಿಂದ ಚಿಕಿತ್ಸೆಗೆ ಓಡುವುದು ಜಾಣತನವಲ್ಲ. ಒಂದು ವೇಳೆ ಕಲೆ ಕಪ್ಪಾದರೆ ಅಂಗಡಿಯವನು ಕೊಟ್ಟ ಸ್ಟೆರಾಯ್ಡ್ ಮುಲಾಮನ್ನು ಹಚ್ಚದೆ ವೈದ್ಯರ ಬಳಿಗೇ ಮರಳಬೇಕು.

ಇಷ್ಟೆಲ್ಲ ಮಾಡುವುದು ಬೆಳ್ಳಗಾಗಲೆಂದಲ್ಲ. ಹುಟ್ಟಿನಿಂದ ಬಂದ ಬಣ್ಣಕ್ಕೆ ಯಾವ ಕುಂದೂ ಇಲ್ಲ. ಕಲೆಯೊಂದನ್ನು ಕಳೆಯಲು ಹೋಗಿ ಇನ್ನೊಂದನ್ನು ಹೊತ್ತು ತರಬಾರದೆಂಬುದಷ್ಟೇ ಗುರಿ. ಬಾಣಂತಿಯ ಪಥ್ಯವನ್ನು ಕಾಯುವ ಅಜ್ಜಿಯು ಬಾಗಿಲಲ್ಲಿ ನಿಂತು “ಕೊಡೆ ತೆಗೆದುಕೊಂಡೆಯಾ, ಮಗೂ?” ಎಂದು ಮೊಮ್ಮಗಳನ್ನು ಕೇಳಿದರೆ, ಚಿಕಿತ್ಸೆಯ ಅರ್ಧಭಾಗವು ಮನೆಯಲ್ಲಿಯೇ ನೆರವೇರಿದಂತೆ.