ಬಿಲ್ಡರ್ ಆಗುವ ಕನಸು, ಎಂಜಿನಿಯರ್ ಹಾಕುವ ಸಹಿ

'ಕೆಲಸಕ್ಕೆ ಯಾಕೆ ಅಲೆಯಬೇಕು? ಸೈಟ್ ಹಿಡಿದು ನಾಲ್ಕು ಮನೆ ಕಟ್ಟಿ ಮಾರಿದರಾಯಿತು.' ಸಿವಿಲ್ ಬಿ.ಇ. ಓದುತ್ತಿರುವ ನಮ್ಮ ತರಗತಿಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಕನಸು ತಪ್ಪಲ್ಲ. ಆದರೆ ಈ ಕ್ಷೇತ್ರದ ನಿಯಮಗಳು ಬದಲಾಗಿವೆ.

ಹಿಂದೆ ಗ್ರಾಹಕರು ಕೊಟ್ಟ ಮುಂಗಡವೇ ಹಲವರ ಬಂಡವಾಳವಾಗಿತ್ತು. ಆ ಹಣದಲ್ಲಿ ಬೇರೆ ಕಡೆ ಜಮೀನು ಕೊಂಡಾಗ ಮೊದಲ ಕಟ್ಟಡ ಅರ್ಧಕ್ಕೇ ನಿಲ್ಲುತ್ತಿತ್ತು. 2016ರ ರೇರಾ ಕಾಯ್ದೆ ಇದಕ್ಕೆ ಕಡಿವಾಣ ಹಾಕಿತು. ಗ್ರಾಹಕರಿಂದ ಬಂದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಕೆಲಸ ಮುಗಿದಷ್ಟೇ ಪ್ರಮಾಣದಲ್ಲಿ ಅದನ್ನು ತೆಗೆಯಬಹುದು. ಅದಕ್ಕೂ ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರೂ ದೃಢೀಕರಿಸಬೇಕು. ಹೀಗಾಗಿ ಕೈಯಲ್ಲಿ ಹಣವಿಲ್ಲದ ಹೊಸಬರು ಜಮೀನಿನ ಮಾಲೀಕರ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡು, ಕಟ್ಟಿದ ಮನೆಗಳನ್ನು ಹಂಚಿಕೊಳ್ಳುತ್ತಾರೆ.

ಆದರೆ ಇಲ್ಲೊಂದು ಸಂದಿಯಿದೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಬೇಕಿಲ್ಲ. 40x60ರ ಒಂದು ಸೈಟ್ ಎಂದರೆ ಸುಮಾರು 223 ಚದರ ಮೀಟರ್. ಅಂಥ ಎರಡು ಸೈಟ್ ಕೂಡಿಸಿದರೂ 450 ದಾಟುವುದಿಲ್ಲ. ನಮ್ಮಂಥವರು ಆರಂಭಿಸುವುದು ಇಲ್ಲಿಂದಲೇ. ಅಂದರೆ ಅನುಭವ ಕಡಿಮೆ ಇರುವ ಕಡೆಯೇ ಕಾವಲೂ ಕಡಿಮೆ!

ಉಳಿದಿರುವುದು ನಕ್ಷೆ ಮಂಜೂರಾತಿ ಮತ್ತು ಸ್ವಾಧೀನಾನುಭವ ಪತ್ರ. ಈ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯದಲ್ಲಿ ಸಾವಿರಾರು ಮನೆಗಳು ಕತ್ತಲಲ್ಲಿ ಉಳಿಯುವ ಪರಿಸ್ಥಿತಿ ಬಂದಾಗ, 2025ರಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿ ನೀಡಿತು. ಬಡವರ, ಮಧ್ಯಮ ವರ್ಗದವರ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೇ. ಆದರೆ ಕಟ್ಟಿ ಮಾರುವವರೂ ಇದೇ ವಿನಾಯಿತಿಯ ನೆರಳಿಗೆ ಬಂದರೆ, ಪಿಲ್ಲರ್‌ಗೆ ಹಾಕಿದ ಕಬ್ಬಿಣ ಎಷ್ಟು, ಮಂಜೂರಾದ ನಕ್ಷೆಗಿಂತ ಎಷ್ಟು ಮಹಡಿ ಹೆಚ್ಚಾಯಿತು ಎಂದು ನೋಡುವವರು ಯಾರು?

2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತದ್ದನ್ನು ಮರೆಯುವಂತಿಲ್ಲ.

ನನ್ನ ಅಭಿಪ್ರಾಯದಲ್ಲಿ, ಮಾರಾಟಕ್ಕಾಗಿ ಕಟ್ಟುವ ಮನೆ ಎಷ್ಟೇ ಚಿಕ್ಕದಿರಲಿ, ಅಡಿಪಾಯ ಮತ್ತು ಪ್ರತಿ ಮಹಡಿಯ ಹಂತದಲ್ಲಿ ಎಂಜಿನಿಯರ್ ಸ್ಥಳಕ್ಕೆ ಹೋಗಿ ಪರೀಕ್ಷಿಸಿ ಸಹಿ ಹಾಕುವುದು ಕಡ್ಡಾಯವಾಗಬೇಕು. ಆ ವರದಿ ಕೊಳ್ಳುವವರ ಕೈಗೂ ಸಿಗಬೇಕು. ಇದರಿಂದ ಹೊಸ ಪದವೀಧರರಿಗೆ ಕೆಲಸವೂ ಸಿಗುತ್ತದೆ. ಬಿಲ್ಡರ್ ಆಗಲು ಹೊರಟ ಗೆಳೆಯರು ಮೊದಲು ಎರಡು ವರ್ಷ ಸೈಟಿನಲ್ಲಿ ದುಡಿಯಲಿ. ಯಾವ ಕಾಗದಕ್ಕೆ ಸಹಿ ಹಾಕಬಾರದು ಎಂಬುದನ್ನು ಕಾಲೇಜಿಗಿಂತ ಚೆನ್ನಾಗಿ ಸೈಟೇ ಕಲಿಸುತ್ತದೆ.