ಮಣ್ಣು ತಿಂದರೆ ಮಗು ಗಟ್ಟಿಯಾಗದು

ಮಣ್ಣು ತಿಂದ ಮಕ್ಕಳು ಗಟ್ಟಿಯಾಗುತ್ತವೆ, ಕೃಷ್ಣನೂ ತಿಂದಿದ್ದನಲ್ಲ ಎಂದು ಪತ್ರಿಕೆಯ ಅಂಕಣಕಾರರೊಬ್ಬರು ತಾಯಂದಿರಿಗೆ ಧೈರ್ಯ ಹೇಳಿದ್ದಾರೆ. ಖಡಾಖಂಡಿತವಾಗಿ ಒಪ್ಪಲಾರೆ. ಯಶೋದೆಯೂ ಸುಮ್ಮನಿರಲಿಲ್ಲ, ಬಾಯಿ ತೆರೆಸಿ ನೋಡಿದಳು.

ಹಲ್ಲು ಬರುವ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದು ಸಹಜ. ಎರಡು ವರ್ಷ ದಾಟಿದ ಮಗು ತಿಂಗಳುಗಟ್ಟಲೆ ಮಣ್ಣು, ಸುಣ್ಣ, ಬಳಪ ಹುಡುಕಿ ತಿಂದರೆ ಅದು ಪೈಕಾ ಎಂಬ ತೊಂದರೆ. ಅದರ ಹಿಂದೆ ಅನೇಕ ಸಲ ಕಬ್ಬಿಣದ ಕೊರತೆ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ರಕ್ತಹೀನತೆ ಮಹಾರಾಷ್ಟ್ರದಲ್ಲಿ ಶೇ 68.9, ಕರ್ನಾಟಕದಲ್ಲಿ ಶೇ 65.5.

ಮಹಾರಾಷ್ಟ್ರದ ಟಿಟ್ವಾಳಾ ಸುತ್ತಲಿನ ಇಟ್ಟಿಗೆ ಭಟ್ಟಿಗೆ ಹೋಗಿ ನೋಡಿ. ಅಮ್ಮ ಮಣ್ಣು ಕಲಸುತ್ತಿದ್ದರೆ ಪಕ್ಕದಲ್ಲಿ ಕೂತ ಮಗು ಇಟ್ಟಿಗೆ ಚೂರು ನೆಕ್ಕುತ್ತದೆ. ತುಟಿಗೆ ಕೆಂಪು ಧೂಳು, ಕೆಳರೆಪ್ಪೆ ಎಳೆದರೆ ಒಳಗೆಲ್ಲ ಬಿಳಿಚು. ಮಣ್ಣಿನ ಜೊತೆ ಜಂತುಹುಳುವಿನ ಮೊಟ್ಟೆಯೂ ಹೊಟ್ಟೆ ಸೇರಿ, ಉಂಡ ಅನ್ನವೂ ಮೈಗೆ ಹತ್ತುವುದಿಲ್ಲ. ಆ ತಾಯಿಗೆ ಗಟ್ಟಿಯಾಗುತ್ತದೆ ಬಿಡಮ್ಮಾ ಎನ್ನುವುದು ಅನ್ಯಾಯ. ಮಗುವಿಗೆ ಹೊಡೆದು ಬಿಡಿಸುವುದೂ ಅಷ್ಟೇ ತಪ್ಪು.

ರಕ್ತ ಪರೀಕ್ಷೆ ಮಾಡಿಸಬೇಕು. ಸರ್ಕಾರದ ಕಾರ್ಯಕ್ರಮದಂತೆ ಕಬ್ಬಿಣದ ಸಿರಪ್ಪು ವಾರಕ್ಕೆರಡು ಸಲ ಒಂದೊಂದು ಮಿ.ಲೀ., ಜಂತುಹುಳುವಿನ ಮಾತ್ರೆ ವರ್ಷಕ್ಕೆರಡು ಸಲ, ಎರಡೂ ಉಚಿತ. ಆದರೆ ಭಟ್ಟಿ ಕೆಲಸಕ್ಕೆ ವಲಸೆ ಬಂದವರ ಮಗುವಿನ ಹೆಸರು ಊರಿನ ಅಂಗನವಾಡಿಯಲ್ಲೇ ಉಳಿದುಬಿಟ್ಟರೆ ಈ ಔಷಧ ಭಟ್ಟಿಯವರೆಗೆ ಬರುವುದು ಹೇಗೆ? ಅಂಕಣಕಾರರು ಕೇಳಬೇಕಿದ್ದುದು ಇದನ್ನು.