ಆಟದ ಪೀರಿಯಡ್ ತಿಂದವರು

ನಮ್ಮ ಉಪ್ಪುಂದದ ಕಡೆ ಮಕ್ಕಳು ದಪ್ಪಗಾದರೆ ಹಿರಿಯರಿಗೆ ಹಿಗ್ಗು. 'ಮಾಣಿ ಲಾಯ್ಕಾಯ್ ಮೈಕೈ ತುಂಬ್ಕಂಡಿತ್ ಕಾಣಿ' ಎನ್ನುತ್ತಾರೆ. ಹೊಟ್ಟೆಗಿಲ್ಲದ ಕಾಲವನ್ನು ಕಂಡವರ ಮಾತು ಅದು, ಅವರನ್ನು ದೂರಲಾರೆ. ಆದರೆ ಹದಿನಾಲ್ಕರ ಹುಡುಗ ಶಾಲೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ಪುಷ್ಟಿ ಎನ್ನಲು ನಾನು ಸಿದ್ಧಳಿಲ್ಲ.

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಮೇಲೊಂದು ಬಂದಾಗ ರಾಜ್ಯವೇ ಬೆಚ್ಚಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಿಗ್ಗೆಯೇ ಜನ ಸಾಲುಗಟ್ಟಿದರು. ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು; ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಬೊಜ್ಜು ಎಂಬ ಹಳೆಯ ಕಾರಣಗಳತ್ತಲೇ ಬೆರಳು ತೋರಿಸಿತು. ಹೆದರಿಕೆ ಇಳಿಯಿತು. ಆ ಹಳೆಯ ಕಾರಣಗಳು ಯಾವ ವಯಸ್ಸಿನಲ್ಲಿ ಬೇರು ಬಿಡುತ್ತವೆ ಎಂದು ಕೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಬೇರು ಇಳಿಯುವುದು ಶಾಲೆಯ ವಯಸ್ಸಿನಲ್ಲೇ. ಅಮೆರಿಕದ ಲೂಸಿಯಾನದಲ್ಲಿ ಬೊಗಲೂಸ ಎಂಬ ಸಣ್ಣ ಊರಿದೆ. ಡಾ. ಜೆರಾಲ್ಡ್ ಬೆರೆನ್ಸನ್ ಮತ್ತು ಸಂಗಡಿಗರು 1970ರ ದಶಕದಿಂದ ಅಲ್ಲಿನ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ಅವರಲ್ಲಿ ಅಪಘಾತ ಮುಂತಾದ ಕಾರಣಗಳಿಂದ ಎಳೆಯ ಪ್ರಾಯದಲ್ಲೇ ತೀರಿಕೊಂಡವರ ರಕ್ತನಾಳಗಳಲ್ಲಿ ಕೊಬ್ಬಿನ ಗೆರೆಗಳು ಆಗಲೇ ಮೂಡಿದ್ದವು ಎಂದು 1998ರಲ್ಲಿ ವರದಿಯಾಯಿತು. ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಆ ಗೆರೆಗಳೂ ಹೆಚ್ಚು. ಮೈ ಭಾರವಾದಷ್ಟೂ ಹೃದಯ ಹೆಚ್ಚು ರಕ್ತವನ್ನು ತಳ್ಳಬೇಕು. ಒತ್ತಡ ಏರುತ್ತದೆ, ಕ್ರಮೇಣ ಹೃದಯದ ಗೋಡೆಯೂ ದಪ್ಪಗಾಗುತ್ತದೆ. ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ಮನೆಯವರಿಗೆ ತಿಳಿಯುವುದೂ ಇಲ್ಲ.

ಇಷ್ಟಾದ ಮೇಲೆ ಬೈಗುಳ ಯಾರಿಗೆ? ಮಗುವಿಗೆ. 'ತಿಂಡಿಪೋತ' ಎಂದು ಹೆಸರಿಡುತ್ತಾರೆ. ಮಗು ಏನು ಮಾಡೀತು? ಗದ್ದೆಯಂಚಿನಲ್ಲಿ ನಡೆದು ಬರುತ್ತಿದ್ದ ಮಕ್ಕಳನ್ನು ಮನೆಬಾಗಿಲಿಗೇ ಬರುವ ವ್ಯಾನಿಗೆ ಹತ್ತಿಸಿದವರು ದೊಡ್ಡವರು. ಬೆಳಗಿನ ಕುಚ್ಚಲಕ್ಕಿ ಗಂಜಿಯನ್ನು ಬದಿಗೆ ಸರಿಸಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಕೊಟ್ಟವರು ದೊಡ್ಡವರು. ಸಮುದ್ರ ಇಷ್ಟು ಹತ್ತಿರವಿದ್ದರೂ, ಸಂಜೆ ಮರಳಿನ ಮೇಲೆ ಓಡಬೇಕಾದ ಹೊತ್ತಿಗೆ ಟ್ಯೂಶನ್ನಿಗೆ ಕೂರಿಸಿದವರೂ ದೊಡ್ಡವರೇ.

ಎಲ್ಲಕ್ಕಿಂತ ದೊಡ್ಡ ಕಳವು ನಡೆಯುವುದು ಶಾಲೆಯ ವೇಳಾಪಟ್ಟಿಯಲ್ಲಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇಕಡಾ 94 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಾಯಿತು. ಶಿಕ್ಷಕಿಯಾಗಿ ನನಗೂ ಹೆಮ್ಮೆಯೇ. ಆದರೆ ಪರೀಕ್ಷೆ ಹತ್ತಿರ ಬಂದಂತೆ ಆಟದ ಪೀರಿಯಡ್ ಗಣಿತದ ಪಾಲೋ ವಿಜ್ಞಾನದ ಪಾಲೋ ಆಗುವುದು ಯಾವ ಸ್ಟಾಫ್ ರೂಮಿಗೆ ಹೊಸತು? ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರದಲ್ಲಿ ಸಿಗುವ ಒಂದೆರಡು ಪೀರಿಯಡ್ಡನ್ನೂ ಕಿತ್ತುಕೊಂಡರೆ ಆ ಲೆಕ್ಕ ಎಂದು ಸರಿಹೋದೀತು?

ಇನ್ನು ಕಾನೂನು. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯೊಳಗಾಗಲಿ, ಗೇಟಿನಿಂದ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಟೇಪು ಹಿಡಿದು ಅಳೆದವರನ್ನು ನಾನು ಕಂಡಿಲ್ಲ. ಅಂಗಡಿಯವರಿಗೂ ಹೊಟ್ಟೆಪಾಡಿದೆ ಎಂಬುದು ನಿಜ. ಬಾಳೆಹಣ್ಣು, ನೆಲಗಡಲೆಯನ್ನು ನಾವು ಕೊಂಡರೆ ಅವರು ಅದನ್ನೇ ಮಾರುತ್ತಾರೆ.

ಕೈಚೆಲ್ಲುವ ಮಾತಲ್ಲ ಇದು. ಬೊಗಲೂಸವೂ ಸೇರಿ ಅಮೆರಿಕ, ಫಿನ್‌ಲೆಂಡ್, ಆಸ್ಟ್ರೇಲಿಯಗಳ 6,328 ಮಂದಿಯನ್ನು ಬಾಲ್ಯದಿಂದ ಪ್ರಾಯದವರೆಗೆ ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಬಾಲ್ಯದಲ್ಲಿ ದಪ್ಪಗಿದ್ದು ಮುಂದೆ ಬೊಜ್ಜು ಕಳೆದುಕೊಂಡವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಅಪಾಯ, ಎಂದೂ ದಪ್ಪಗಿಲ್ಲದವರಷ್ಟೇ ಇತ್ತಂತೆ. ಎಳೆಯ ಮೈ ಕ್ಷಮಿಸುತ್ತದೆ, ಹೊತ್ತು ಮೀರದಿದ್ದರೆ. ಅದಕ್ಕೆ ಉಪವಾಸ ಬೇಡ, ಗೇಲಿಯಂತೂ ಖಂಡಿತ ಬೇಡ. ಓಡಲು ಬಯಲು ಬೇಕು, ಹೊತ್ತು ಬೇಕು.

'ಟೀಚರೇ, ಈ ಒಂದ್ ವರ್ಷ ಆಟ ಬಿಡ್ಸಿ, ಪಾಠ ಮಾಡಿ' ಎಂದು ಕೇಳುವ ತಂದೆತಾಯಿಯರಿಗೆ ನನ್ನ ಉತ್ತರ ಒಂದೇ: ಮಾರ್ಕು ತೆಗೆಯುವ ದಾರಿ ಬೇರೆ ಹುಡುಕೋಣ, ಆಟದ ಪೀರಿಯಡ್ಡನ್ನು ಮಾತ್ರ ಕೊಡುವುದಿಲ್ಲ.